ಮೂಡಲ ಕಡೆಯ ಕಂಪ್ಯೂಟರು

ಹೋದ ತಿಂಗಳು ಪೆನ್ಷನ್ ಕಾಗದ ಮಾಡಿಸಲು ಮೆಟ್ಟೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಆಯುಧಪೂಜೆಯ ಮಾರನೆಯ ದಿನ. ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ ಕುಂಕುಮ ಕಾರಿಕೊಂಡು ಬಿದ್ದಿತ್ತು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆದದ್ದು ಗಂಧ ಕಾಯುವ ವಾಸನೆ. ಪ್ಲಾಸ್ಟಿಕ್ಕಿನ ಮೇಲೆ ಬಳಿದ ಗಂಧ, ಕಂಪ್ಯೂಟರು ಬಿಸಿಯಾದಂತೆಲ್ಲ ಒಣಗಿ ಸಣ್ಣಗೆ ಸೀಯುವ ವಾಸನೆ ಅದು. ಹೊರಗೆ ಓಡಿ ಬಂದು ಚರಂಡಿಗೆ ವಾಂತಿ ಮಾಡಿದೆ. ಅಂಗಡಿಯ ಹುಡುಗಿ ನೀರು ತಂದುಕೊಟ್ಟು, "ಪಾಟಿ, ಸಾಪ್ಟೀಂಗಳಾ?" ಎಂದಳು. ಊಟ ಆಗಿದೆ ಎಂದೆ. ಆ ವಾಸನೆಗೆ ನನ್ನ ಮಗನ ಕೂಗು ಅಂಟಿಕೊಂಡಿದೆ ಎಂದು ಅವಳಿಗೆ ಹೇಳಿ ಆಗಬೇಕಾದ್ದೇನು?

ತೊಂಬತ್ತೊಂಬತ್ತನೆಯ ಇಸವಿಯ ಐಪ್ಪಸಿ, ತಮಿಳರಿಗೆ ದೀಪಾವಳಿ ಬರುವ ತಿಂಗಳು. ನಮ್ಮ ಒಣ ಸೀಮೆಗೆ ವರ್ಷಕ್ಕೊಮ್ಮೆ ನೆಟ್ಟಗೆ ಮಳೆ ಬೀಳುವುದು ಆ ತಿಂಗಳಲ್ಲಿ. ಆ ವರ್ಷ ಬಿಡದೆ ಹೊಡೆಯಿತು. ಕುರಿಗಳ ಗೊರಸು ಕೊಳೆತವು. ಮೆಟ್ಟೂರಿನ ಕಾರ್ಖಾನೆಗಳ ಹೊಗೆ ಮಳೆಗೆ ಮೇಲೇಳಲಾರದೆ ಬೀದಿಯಲ್ಲೇ ಕೂತು ಕಣ್ಣುರಿಸುತ್ತಿತ್ತು.

ನಾನು ಕೊಳ್ಳೇಗಾಲದ ಕಡೆಯವಳು. ಅಲ್ಲಿ ಎರಡು ಕ್ಲಾಸು ಓದಿದ್ದರಿಂದ ಇಷ್ಟು ಅಕ್ಷರ ಕೈಯಲ್ಲಿವೆ. ಮದುವೆಯಾಗಿ ಬಂದದ್ದು ತಮಿಳು ಸೀಮೆಗೆ, ಮೆಟ್ಟೂರಿಗೆ ಹತ್ತಿರದ ಮೇಚೇರಿ ಪಕ್ಕದ ಹಳ್ಳಿಗೆ. ಗಂಡ ಕುರಿಯವನು, ಬೇಗ ಸತ್ತ. ಒಬ್ಬನೇ ಮಗ ಮಾದೇಶ. ಅವನಿಗೆ ಆಗ ಇಪ್ಪತ್ತೈದು. ಕುರಿ ಕೊಂಡು ಮಾರುವುದು, ಉಣ್ಣೆ ಕತ್ತರಿಸುವುದು ಅವನ ಕೆಲಸ. ನಾನು ಎಲೆಅಡಿಕೆ ಹಾಕಿ ಅಗಿದು ಉಗುಳುವಷ್ಟರಲ್ಲಿ ಒಂದು ಕುರಿಯನ್ನು ಬೋಳಿಸಿ ಎಬ್ಬಿಸುತ್ತಿದ್ದ.

ನನ್ನ ಅಣ್ಣ ಅಣೆಕಟ್ಟಿನ ಕೆಲಸಕ್ಕೆ ಬಂದು ಮೆಟ್ಟೂರಿನಲ್ಲೇ ನಿಂತವನು. ಅವನ ಮಗಳು ರತ್ನ. ಸೇಲಂನಲ್ಲಿ ಕಂಪ್ಯೂಟರು ಕಲಿತು ಬಂದಿದ್ದಳು. ಮಾದೇಶನಿಗೆ ಹೆಣ್ಣು ಕೇಳಿದಾಗ, "ಅತ್ತೆ, ಆ ಕುರಿ ನಾತದ ಜತೆ ನಾನು ಬಾಳಕ್ಕಿಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಒಂದು ವರ್ಷ ನಾನು ಅವರ ಮನೆಯ ನೀರು ಮುಟ್ಟಲಿಲ್ಲ. ಆಮೇಲೆ ಅವಳು ಬಸ್ ಸ್ಟ್ಯಾಂಡಿನ ಹಿಂದೆ ಬ್ರೌಸಿಂಗ್ ಸೆಂಟರ್ ಇಟ್ಟಳು. ಗುಡಿಸಿ ಒರೆಸಲು ಆಳು ಬೇಕಿತ್ತು. ನಾನು ಹೋದೆ. ಕೋಪ ಬೇರೆ, ಕೂಲಿ ಬೇರೆ.

ಅಲ್ಲಿ ನಾಲ್ಕು ಕಂಪ್ಯೂಟರು ಇದ್ದವು. ಇದ್ದದ್ದು ಒಂದೇ ಫೋನ್ ಲೈನು. ಲೈನು ಬಾಗಿಲ ಪಕ್ಕದ ಕಂಪ್ಯೂಟರಿಗೆ ಬರುತ್ತಿತ್ತು. ಅದು ಉಳಿದ ಮೂರಕ್ಕೂ ಹಂಚುತ್ತಿತ್ತು. ಅದನ್ನು ರತ್ನ ರೂಟರ್ ಎನ್ನುತ್ತಿದ್ದಳು. ಹೊರಗಿನಿಂದ ಕಳ್ಳಕಾಕರು ನುಗ್ಗದ ಹಾಗೆ ಅದರೊಳಗೆ ಒಂದು ಕಾವಲೂ ಇತ್ತು, ಅದರ ಹೆಸರು ಫೈರ್‌ವಾಲ್. ನಾನು ಒಂದು ದಿನ, "ಅದೇನೇ ಅದು?" ಎಂದು ಕೇಳಿದ್ದಕ್ಕೆ, "ನಿನ್ನ ದೊಡ್ಡಿ ಸುತ್ತ ಜಾಲಿಮುಳ್ಳು ಆಕ್ತೀಯಲ್ಲ, ಅದೇ ಕಣತ್ತೆ. ಒಳಗಿರೋವು ಒರಗೆ ಓಗಬೌದು, ಒರಗಿಂದು ಒಳಗೆ ಬರಂಗಿಲ್ಲ" ಎಂದಳು.

"ನಂಟ್ರು ಬಂದ್ರೆ?"

"ನಂಟ್ರಿಗೆ ಅಂತ ಒಂದು ಗಂಡಿ ಬಿಟ್ಟಿವ್ನಿ."

ಆ ಗಂಡಿ ಬಿಟ್ಟದ್ದು ರವಿಗಾಗಿ. ಅವಳ ಜತೆ ಸೇಲಂನಲ್ಲಿ ಓದಿದ ಗೀತಾ ಎಂಬ ಹುಡುಗಿಯ ಅಣ್ಣ ಅವನು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುತ್ತಿದ್ದ. ದೊಡ್ಡ ಫೈಲುಗಳು ಈಮೇಲಿನಲ್ಲಿ ಹೋಗುತ್ತಿರಲಿಲ್ಲ. ಅವನ ಕಂಪ್ಯೂಟರಿನಿಂದ ನೇರ ಇವಳ ಕಂಪ್ಯೂಟರಿಗೆ ಹಾಡು, ಪಟ ಕಳಿಸುತ್ತಿದ್ದ. ನಡುವೆ ಯಾರ ಅಂಗಡಿಯೂ ಇಲ್ಲ, ಅವನ ಮನೆ ಬಾಗಿಲು, ಇವಳ ಮನೆ ಬಾಗಿಲು. ಇವಳು ಕೂರುತ್ತಿದ್ದದ್ದು ಬಾಗಿಲ ಕಂಪ್ಯೂಟರಿನ ಪಕ್ಕದ ಕಂಪ್ಯೂಟರಿನಲ್ಲಿ.

ಆ ವರ್ಷದ ಆಯುಧಪೂಜೆಗೆ ರತ್ನ ಊರಲ್ಲಿರಲಿಲ್ಲ. ಪೂಜೆ ನಾನೇ ಮಾಡಿಸಿದೆ. ನಾಲ್ಕನ್ನೂ ಆರಿಸಿ, ಒರೆಸಿ, ಗಂಧ ಬಳಿದು, ಕುಂಕುಮ ಇಟ್ಟು, ಬೂದುಗುಂಬಳ ಒಡೆದೆ. ಆರತಿ ಎತ್ತಲು ಬಂದಿದ್ದ ಪಂಡಾರ, ಅಂದರೆ ಗುಡಿಯ ಪೂಜಾರಿ, ಒಂದು ಮಾತು ಹೇಳಿಹೋದ: "ನಾಳೆಯಿಂದ ಮೂಡಲ ಕಡೆಯಿಂದ ಎಬ್ಬಿಸಿ. ಆಯುಧ ಸೂರ್ಯನ ಕಡೆಯಿಂದ ಏಳಬೇಕು." ಸರಿ ಎಂದೆ. ಅದುವರೆಗೆ ದಿನಾ ಬಾಗಿಲ ಕಂಪ್ಯೂಟರಿನಿಂದ ಶುರುಮಾಡಿ ಸಾಲಾಗಿ ಒಳಗೆ ಹೋಗುತ್ತಿದ್ದವಳು, ಮಾರನೆಯ ದಿನದಿಂದ ಮೊದಲು ಹಾಕಲೇಬೇಕಾದ ಬಾಗಿಲದ್ದನ್ನು ಹಾಕಿ, ನೇರ ಮೂಡಲ ಗೋಡೆಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರತೊಡಗಿದೆ. ಯಾರಿಗೂ ಏನೂ ಆಗಲಿಲ್ಲ. ಬಂದವರು ಈಮೇಲು ನೋಡಿದರು, ಪರೀಕ್ಷೆ ಫಲಿತಾಂಶ ನೋಡಿದರು. ರವಿ ತಂಗಿಯ ಮದುವೆ ಓಡಾಟದಲ್ಲಿದ್ದ, ಫೈಲು ಕಳಿಸುವುದು ನಿಂತಿತ್ತು.

ಗೀತಾಳ ಮದುವೆಯ ಬೀಗರೂಟಕ್ಕೆ ಕುರಿ ಬೇಕೆಂದು ರತ್ನಳ ಮೂಲಕ ಮಾದೇಶನಿಗೆ ಹೇಳಿಸಿದರು. ಶನಿವಾರ ಸಂಜೆ ಮೇಚೇರಿಯ ಕುರಿ ವ್ಯಾಪಾರಿ ಪೆರಿಯಣ್ಣನ ಮಂಡಿಯಲ್ಲಿ ಹನ್ನೆರಡು ಕುರಿ ಕೊಂಡು ಟೆಂಪೋದಲ್ಲಿ ಹಾಕಿಕೊಂಡು ಹೋದ. ಭಾನುವಾರ ಬೆಂಗಳೂರಿನಲ್ಲಿ ಅವೇ ಕುರಿಗಳನ್ನು ಕೊಯ್ದು, ಬೇಯಿಸುವವರ ಜತೆ ನಿಂತು, ಸಂಜೆ ಪಂಕ್ತಿಗೆ ಬಡಿಸಿ, ಸೋಮವಾರ ಮಧ್ಯಾಹ್ನ ಊರಿಗೆ ಬಂದ.

ಅದೇ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಪೆರಿಯಣ್ಣನ ದೊಡ್ಡಿಗೆ ಯಾರೋ ನುಗ್ಗಿದ್ದರು. ಕಾವಲಿನವನ ತಲೆಗೆ ಮಚ್ಚು ಬಿದ್ದಿತ್ತು. ಅವನು ಪೆರಿಯಣ್ಣನ ಅಕ್ಕನ ಮಗ. ಸೇಲಂ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ನಲವತ್ತು ಕುರಿ ಹೋಗಿದ್ದವು.

ಬುಧವಾರ ಸಂತೆ. ಬೆಳಗ್ಗೆ ಏಳಕ್ಕೆ ನಾನೂ ಮಾದೇಶನೂ ಮೇಚೇರಿಯಲ್ಲಿ ಬಸ್ಸಿಳಿದೆವು. ಇಳಿದ ಜಾಗದಲ್ಲೇ ಅವನ ತಲೆಯ ಮೇಲೆ ಕಂಬಳಿ ಬಿತ್ತು. ಐದಾರು ಮಂದಿ. ಎಳೆದುಕೊಂಡು ಹೋಗಿ ಮಂಡಿಯ ಹಿಂದಿನ ದೊಡ್ಡಿಯ ಕಂಬಕ್ಕೆ ಕಟ್ಟಿದರು. ಸಂತೆ ಪೂರ್ತಿ ನೋಡುತ್ತಿತ್ತು. ಯಾರೂ ಕೈಯಲ್ಲಿದ್ದ ಚೀಲ ಕೆಳಗಿಡಲಿಲ್ಲ.

ಪೆರಿಯಣ್ಣ ದಪ್ಪ ಆಳು, ಬಿಳಿ ಪಂಚೆ, ನಿದ್ದೆಗೆಟ್ಟ ಕಣ್ಣು. ಕುರಿಯವರ ಜತೆ ವ್ಯವಹಾರ ಮಾಡಿ ಮಾಡಿ ಅರ್ಧ ಕನ್ನಡ ಬರುತ್ತಿತ್ತು. "ಶನಿವಾರ ಬಂದು ನನ್ನ ದೊಡ್ಡಿ ನೋಡ್ಕೊಂಡು ಓದೆ. ಭಾನುವಾರ ಬಂದು ಒಡೆದೆ. ನಲವತ್ತು ಕುರಿ, ನಲವತ್ತು ಉರುಪ್ಪಡಿ ಎಲ್ಲಿ ಇಳಿಸ್ದೆ? ಸೊಲ್ಲುಡಾ."

"ಅಣ್ಣಾ, ನಾನು ಬೆಂಗ್ಳೂರಲ್ಲಿದ್ದೆ. ಬೀಗರೂಟಕ್ಕೆ ಬಡಿಸ್ತಿದ್ದೆ. ಟೆಂಪೋ ಡ್ರೈವರ್‌ನ ಕೇಳಿ."

"ಕೇಳಿದೆ. ಅವನೂ ನಿಮ್ಮೋನೇ ಅಲ್ವಾ. ನೀವೆಲ್ಲ ಒಂದೇ ಬಾಯಿ."

ದೊಡ್ಡಿಗೆ ಕಬ್ಬಿಣದ ಗೇಟು. ಅವನ ಆಳು ಕಾಳಿಯಪ್ಪ ಮಾದೇಶನ ಬಲಗೈ ಬಿಚ್ಚಿ, ಕಿರುಬೆರಳನ್ನು ಗೇಟಿನ ಕೀಲಿನ ಸಂದಿಗೆ ಇಟ್ಟ. ಪೆರಿಯಣ್ಣ ತಲೆಯಾಡಿಸಿದ. ಗೇಟು ಎಳೆದರು. ಒಣಗಿದ ಹತ್ತಿಕಡ್ಡಿ ಮುರಿದಷ್ಟೇ ಸದ್ದು. ಆಮೇಲೆ ಮಾದೇಶ ಕೂಗಿದ. ಕುರಿಗಳೆಲ್ಲ ಒಟ್ಟಿಗೆ ದೊಡ್ಡಿಯ ಆ ಮೂಲೆಗೆ ಓಡಿದವು.

ನಾನು ಹೋಗಿ ಕಾಳಿಯಪ್ಪನ ತೋಳು ಕಚ್ಚಿದೆ. ಬಾಯಿಗೆ ಉಪ್ಪುಪ್ಪು ರಕ್ತ ಬಂತು. ಅವನು ಮೊಣಕೈಯಿಂದ ನನ್ನ ದವಡೆಗೆ ಕೊಟ್ಟ. ಎರಡು ಹಲ್ಲು ಕೆಸರಿಗೆ ಬಿದ್ದವು. ನಾನು ಏಳುವಷ್ಟರಲ್ಲಿ ಉಂಗುರದ ಬೆರಳೂ ಆಗಿತ್ತು.

"ಇರಪ್ಪ," ಎಂದೆ ಪೆರಿಯಣ್ಣನಿಗೆ. ಬಾಯಲ್ಲಿ ರಕ್ತ, ಮಾತು ತೊದಲುತ್ತಿತ್ತು. "ಮದ್ವೆಲಿ ವಿಡಿಯೋ ತಗ್ದವ್ರೆ. ಅದ್ರಲ್ಲಿ ಇವನವ್ನೆ. ಕಣ್ಣಾರ ತೋರಿಸ್ತೀನಿ."

"ಎಪ್ಪೊ?"

"ಬಸ್ಸಲ್ಲಿ ಕಳ್ಸಿದ್ರೆ ಕತ್ಲಾಯ್ತದೆ. ಅಣ್ಣನ ಮಗಳ ಕಂಪೂಟರ್ನಾಗೆ ಬಂದ್ರೆ ಮಧ್ಯಾಹ್ನದೊಳಗೆ."

ಅವನು ನನ್ನನ್ನು ನೋಡಿದ. "ಅಜ್ಜಿ, ನನ್ನ ಕುರಿ ಇವತ್ತು ಎಲ್ಲೋ ಕಸಾಯಿ ಕೈಲಿ ಅವೆ. ಕತ್ಲೆವರ್ಗೂ ನಾನು ಕಾಯಕ್ಕಿಲ್ಲ. ನೀನು ತರೋದು ತಾ. ನಾನು ಕೇಳೋದು ಕೇಳ್ತಾ ಇರ್ತೀನಿ."

ಪೊಲೀಸಿನ ಕಡೆಗೆ ಯಾಕೆ ಹೋಗಲಿಲ್ಲ ಎಂದು ಈಗಿನವರು ಕೇಳುತ್ತಾರೆ. ಸಂತೆಯ ಜಗಳವನ್ನು ಸಂತೆಯಲ್ಲೇ ತೀರಿಸಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಹೊರಗಿನವರನ್ನು ಕರೆತಂದವನ ಕುರಿಯನ್ನು ಆಮೇಲೆ ಯಾರೂ ಕೊಳ್ಳುವುದಿಲ್ಲ. ಅದೂ ಅಲ್ಲದೆ, ಅವರು ಬರುವ ಹೊತ್ತಿಗೆ ಮಗ ಇರುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ.

ಒಂಬತ್ತಕ್ಕೆ ಮೆಟ್ಟೂರು. ರತ್ನ ಶಟರ್ ಎತ್ತುತ್ತಿದ್ದಳು. ನನ್ನ ಬಾಯಿ ನೋಡಿ ಬೀಗದಕೈ ಕೆಳಗೆ ಬೀಳಿಸಿದಳು. ಹೇಳಿದೆ. ಅವಳು ಅಳಲಿಲ್ಲ. "ಎಲ್ಲ ಆನ್ ಮಾಡು ಅತ್ತೆ, ರವಿಗೆ ಫೋನ್ ಆಕ್ತೀನಿ" ಎಂದು ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದಳು. ನಾನು ಬಾಗಿಲದ್ದನ್ನು ಹಾಕಿ, ಮೂಡಲ ಕಡೆಯಿಂದ ಒಂದೊಂದಾಗಿ ಎಬ್ಬಿಸಿಕೊಂಡು ಬಂದೆ. ಒಂದೊಂದನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಿಂಬದಿಯಲ್ಲಿ ಪೂಜೆಯ ಗಂಧ ಇನ್ನೂ ಹಾಗೇ ಇತ್ತು. ಬಿಸಿಯಾದಂತೆ ವಾಸನೆ ಎದ್ದಿತು.

ರವಿ ಒಳ್ಳೆಯವನು. ಕ್ಯಾಸೆಟ್ಟನ್ನು ಸೇಲಂ ಬಸ್ಸಿನ ಡ್ರೈವರಿಗೆ ಕೊಟ್ಟುಕಳಿಸಿದ, ಅದು ಸಂಜೆ ಏಳಕ್ಕೆ ಬರುವಂಥದ್ದು. ವಿಡಿಯೋ ಆಗಲೇ ಅವನ ಕಂಪ್ಯೂಟರಿನಲ್ಲಿತ್ತು. ಮಾದೇಶ ಕಾಣುವ ಜಾಗವನ್ನು ಹುಡುಕಿ ಎರಡು ನಿಮಿಷದ ತುಂಡು ಮಾಡಿ ಹತ್ತು ಗಂಟೆಗೆ ಕಳಿಸಲು ಕೂತ. ಇಬ್ಬರೂ ಕಂಪ್ಯೂಟರಿನಲ್ಲೇ ಟೈಪು ಮಾಡಿ ಮಾತಾಡುತ್ತಿದ್ದರು. ರತ್ನ ಓದಿ ಓದಿ ಹೇಳುತ್ತಿದ್ದಳು.

"ಕಳ್ಸ್ತಾವ್ನೆ... ಕಾಯ್ತಾ ಐತೆ... ಕಾಯ್ತಾ ಐತೆ..." ಒಂದು ನಿಮಿಷ ಕಳೆದು, "ಓಯ್ತು. ಸತ್ತೋಯ್ತು" ಎಂದಳು.

ಮತ್ತೆ ಕಳಿಸಿದ. ಮತ್ತೆ ಹಾಗೇ. ಗಂಡಿ ಮುಚ್ಚಿದೆಯೇ ಎಂದು ಬಾಗಿಲ ಕಂಪ್ಯೂಟರಿನಲ್ಲಿ ನೋಡಿದಳು. ತೆರೆದೇ ಇತ್ತು. ಫೈರ್‌ವಾಲನ್ನೇ ಆರಿಸಿದಳು, ಬೇಲಿಯನ್ನೇ ಕಿತ್ತು ಹಾಕಿದ ಹಾಗೆ. ಆದರೂ ಬರಲಿಲ್ಲ. ನಾವೇ ಹೋಗಿ ಅವನ ಕಡೆಯಿಂದ ತರೋಣವೆಂದರೆ ಆ ಸ್ಟುಡಿಯೋದ ಬೇಲಿ ಇನ್ನೂ ಗಟ್ಟಿ, ಅದರ ಬೀಗ ಅವನ ಯಜಮಾನನ ಕೈಯಲ್ಲಿ, ಯಜಮಾನ ಊರಲ್ಲಿಲ್ಲ. ಅಷ್ಟರಲ್ಲಿ ಮಳೆ ಜೋರಾಗಿ ಲೈನು ಕಡಿಯಿತು. ಮತ್ತೆ ಡಯಲ್ ಮಾಡಿದಳು. ಪ್ರತಿ ಸಲ ಲೈನು ಕಡಿದು ಕೂಡಿದಾಗಲೂ ನಮ್ಮ ಹೊರಗಿನ ವಿಳಾಸ ಬದಲಾಗುತ್ತಿತ್ತು. ಅದನ್ನು ಅವನಿಗೆ ಹೊಸದಾಗಿ ಹೇಳಬೇಕು. ಹೇಳುವಷ್ಟರಲ್ಲಿ ಮತ್ತೆ ಕಡಿಯಿತು.

"ತೇವಡಿಯಾ ಲೈನು!" ಎಂದು ಟೇಬಲ್ಲಿಗೆ ಗುದ್ದಿದಳು. ಹೆಣ್ಣುಮಗಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಕೊನೆಗೆ ನನಗೆ, "ಎಲ್ಲ ಆರ್ಸಿ ಮತ್ತೆ ಆನ್ ಮಾಡು ಅತ್ತೆ, ನಾನು ಕೇಬಲ್ ನೋಡ್ತೀನಿ" ಎಂದು ಟೇಬಲ್ ಕೆಳಗೆ ನುಗ್ಗಿದಳು. ನಾನು ಆರಿಸಿದೆ. ಆನ್ ಮಾಡಿದೆ, ಮೂಡಲ ಕಡೆಯಿಂದ. ಈ ಸಲ ಒಂದೊಂದಕ್ಕೂ ಮಾದೇವನ ಹೆಸರು ಹೇಳಿದೆ.

ಹನ್ನೊಂದಕ್ಕೆ ಎಸ್‌ಟಿಡಿ ಬೂತಿನಾಕೆ ಕರೆದಳು; ಅವಳ ನಂಬರನ್ನು ನಾನು ಮಂಡಿಯಲ್ಲಿ ಕೊಟ್ಟುಬಂದಿದ್ದೆ. "ಮಾದಮ್ಮಕ್ಕಾ, ಮಂಡಿಯಿಂದ ಫೋನು." ಓಡಿದೆ. ಪೆರಿಯಣ್ಣ.

"ಬಂತಾ?"

"ಬತ್ತೈತಪ್ಪ. ಮಳೆ. ಲೈನು ನಿಲ್ತಿಲ್ಲ."

"ಕಾಳಿ," ಎಂದ ಅವನು, ನನಗಲ್ಲ. ಫೋನನ್ನು ಗೇಟಿನ ಹತ್ತಿರ ಹಿಡಿದರು. ಕೇಳಿಸಿತು. ಮೊದಲು ಕೀಲು, ಆಮೇಲೆ ನನ್ನ ಮಗ. ಅಂಥ ಕೂಗನ್ನು ನಾನು ಹೆತ್ತವನ ಬಾಯಿಯಿಂದ ಕೇಳಬೇಕಾಯಿತು. ಪೆರಿಯಣ್ಣ ಮತ್ತೆ ಬಂದು, "ನಡುಬೆರಳು" ಎಂದ. ಫೋನಿಟ್ಟ.

ಸೆಂಟರಿಗೆ ಬಂದು ರತ್ನಳಿಗೆ ಹೇಳಿದೆ. ಅವಳ ಮುಖ ಬೂದಿಯಾಯಿತು. ಇನ್ನೊಂದು ಸಲ ಎಲ್ಲ ತೆಗೆದು ಹಾಕಿದಳು. ಹಬ್ ಎನ್ನುವ ದೀಪದ ಪೆಟ್ಟಿಗೆಯಲ್ಲಿ ವಯರುಗಳನ್ನು ಈ ತೂತಿನಿಂದ ಆ ತೂತಿಗೆ ಬದಲಿಸಿದಳು. ಗಂಡಿಯ ನಂಬರನ್ನು ರವಿಯಿಂದ ಮತ್ತೆ ಕೇಳಿ ಹೋಲಿಸಿದಳು. ಎಲ್ಲ ಸರಿ. "ಅವನ ಕಡೆ ಸರಿ ಐತೆ, ನನ್ನ ಕಡೆ ಸರಿ ಐತೆ, ನಡುವೆ ಏನು ನುಂಗ್ತೈತೆ?" ಎಂದು ತಲೆ ಚಚ್ಚಿಕೊಂಡಳು. "ಆನ್ ಮಾಡು ಅತ್ತೆ ಇನ್ನೊಂದ್ಸಲ." ನಾನು ಮಾಡಿದೆ. ಮಗನ ಜೀವ ಅಲ್ಲಿದೆ ಎಂದು ಇನ್ನೂ ಭಕ್ತಿಯಿಂದ, ಸೆರಗು ಹೊದ್ದು, ಸೂರ್ಯನ ಕಡೆಯಿಂದ.

ಹನ್ನೆರಡೂಕಾಲಿಗೆ ಮತ್ತೆ ಫೋನು. ಈ ಸಲ ಅವನು ಬಂತಾ ಎಂದು ಕೇಳಲಿಲ್ಲ. ಕೀಲಿನ ಸದ್ದು ಬಂತು. ಮಾದೇಶನ ಕೂಗು ಚಿಕ್ಕದಾಗಿತ್ತು, ಕೂಗುವ ಶಕ್ತಿಯೂ ಮುಗಿಯುತ್ತಾ ಬಂದಿತ್ತು. "ತೋರುಬೆರಳು," ಎಂದ ಪೆರಿಯಣ್ಣ. "ಇನ್ನು ಹೆಬ್ಬೆಟ್ಟು. ಆಮೇಲೆ ಕುತ್ತಿಗೆ ಐತೆ." ಸಿಟ್ಟೂ ಇರಲಿಲ್ಲ ಅವನ ದನಿಯಲ್ಲಿ. ಕುರಿಯ ಹಲ್ಲು ಎಣಿಸಿ ವಯಸ್ಸು ಹೇಳುವ ಹಾಗೆ ಹೇಳಿದ.

ನಾನು ಬಂದು ಬಾಗಿಲಲ್ಲಿ ಕೂತೆ. ರತ್ನ ನನ್ನ ಕಡೆ ನೋಡಲಿಲ್ಲ. "ಕೊನೇ ಸಲ ಅತ್ತೆ. ಆರ್ಸಿ ಆಕು." ಎದ್ದೆ. ಆರಿಸಿದೆ. ಬಾಗಿಲದ್ದನ್ನು ಹಾಕಿದೆ. ಮೂಡಲ ಗೋಡೆಗೆ ನಡೆದೆ. ಈ ಸಲ ಅವಳು ಟೇಬಲ್ ಕೆಳಗೆ ಇರಲಿಲ್ಲ. ನಿಂತು ನನ್ನನ್ನೇ ನೋಡುತ್ತಿದ್ದಳು.

"ಅತ್ತೆ. ಆ ಕಡೆಯಿಂದ ಯಾಕೆ ಆಕ್ತಿದೀಯ?"

"ಪಂಡಾರ ಏಳಿದ್ದು. ಆಯ್ದಪೂಜೆಲಿ. ಮೂಡ್ಲಿಂದ ಎಬ್ಬಿಸ್ಬೇಕು ಅಂತ."

"ಆವತ್ತಿಂದಾನೂ?"

"ಆವತ್ತಿಂದಾನೂ."

ಬಂದು ನನ್ನ ಕೆನ್ನೆಗೆ ಹೊಡೆದಳು. ಹಲ್ಲು ಮುರಿದ ಕಡೆಗೇ ಬಿತ್ತು. ನಾನು ಎತ್ತಿ ಆಡಿಸಿದ ಕೂಸು ಅವಳು. ಏಟು ಯಾಕೆ ಬಿತ್ತು ಎಂದು ಇನ್ನೂ ಗೊತ್ತಿರಲಿಲ್ಲ, ಆದರೆ ಬಿದ್ದದ್ದು ಸರಿಯಾದ ಏಟು ಎಂದು ಗೊತ್ತಾಯಿತು.

ಸಂಗತಿ ಇಷ್ಟೇ. ಬಾಗಿಲ ಕಂಪ್ಯೂಟರು ಉಳಿದ ಮೂರಕ್ಕೂ ನಂಬರು ಕೊಡುತ್ತಿತ್ತು, ಎದ್ದ ಸರದಿಯಲ್ಲಿ. ಮೊದಲು ಎದ್ದದ್ದಕ್ಕೆ ಎರಡು, ಆಮೇಲೆ ಎದ್ದದ್ದಕ್ಕೆ ಮೂರು, ಕೊನೆಯದಕ್ಕೆ ನಾಲ್ಕು. ಒಂದು ತನಗೇ. ರತ್ನ ಬಿಟ್ಟಿದ್ದ ಗಂಡಿ ಎರಡನೆಯ ನಂಬರಿಗೆ. ಹಿಂದೆಲ್ಲ ನಾನು ಬಾಗಿಲ ಕಡೆಯಿಂದ ಸಾಲಾಗಿ ಹಾಕುತ್ತಿದ್ದಾಗ ಎರಡನೆಯ ನಂಬರು ರತ್ನಳ ಕಂಪ್ಯೂಟರಿನದಾಗಿತ್ತು. ಪೂಜೆಯಾದ ಮೇಲೆ ಅದು ಮೂಡಲ ಗೋಡೆಯ ಕಂಪ್ಯೂಟರಿನದಾಯಿತು. ರವಿ ಬೆಳಗ್ಗೆಯಿಂದ ಕಳಿಸುತ್ತಿದ್ದದ್ದೆಲ್ಲ ಗಂಡಿ ದಾಟಿ ಒಳಗೆ ಬಂದು, ಯಾರೂ ಕೂರದ ಆ ಕಂಪ್ಯೂಟರಿನ ಮುಂದೆ ನಿಂತು, ಕರೆಯುವವರಿಲ್ಲದೆ ವಾಪಸು ಹೋಗುತ್ತಿತ್ತು. ಎಬ್ಬಿಸಿದ ಪ್ರತಿ ಸಲವೂ ನಾನೇ ಅದನ್ನು ಅಲ್ಲಿಗೆ ಕಳಿಸುತ್ತಿದ್ದೆ. ಮಾರನೆಯ ವಾರ ರತ್ನ ಒಂದೊಂದು ಕಂಪ್ಯೂಟರಿಗೂ ಅಲುಗಾಡದ ನಂಬರು ಕಟ್ಟಿಹಾಕಿದಳು. ಮೊದಲೇ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ನಾವಿಬ್ಬರೂ ಮಾತಾಡಿಲ್ಲ.

ಎಲ್ಲ ಆರಿಸಿ, ಅವಳೇ ಸಾಲಾಗಿ ಹಾಕಿದಳು. ರವಿ ಕಳಿಸಿದ. ಒಂದು ಕ್ಷಣ ಕಾಯಿತು. ಆಮೇಲೆ ನೀಲಿ ಗೆರೆಯೊಂದು ಇರುವೆಯ ಹಾಗೆ ಸರಿಯತೊಡಗಿತು. ಮುಕ್ಕಾಲು ಗಂಟೆ. ಹೊರಗೆ ಮಳೆ. ಲೈನು ಕಡಿದರೆ ಮೊದಲಿಂದ. ನಾನು ಬೂತಿಗೆ ಹೋಗಿ ಮಂಡಿಗೆ ಫೋನು ಮಾಡಿಸಿ, "ಬಂತಪ್ಪ, ತತ್ತಿವ್ನಿ, ಮುಟ್ಟಬ್ಯಾಡಿ" ಎಂದೆ. ಅವನು ಫೋನಿಟ್ಟ.

ಫೈಲು ಫ್ಲಾಪಿಯಲ್ಲಿ ಹಿಡಿಸುವಂಥದ್ದಾಗಿರಲಿಲ್ಲ. ಇಡೀ ಕಂಪ್ಯೂಟರನ್ನೇ ಕಿತ್ತೆವು. ಡಬ್ಬ, ಟೀವಿಯಂಥ ಅದರ ಮುಖ, ವಯರುಗಳು, ಎಲ್ಲವನ್ನೂ ನನ್ನ ಕುರಿಕಂಬಳಿಯಲ್ಲಿ ಸುತ್ತಿ ಬಾಡಿಗೆ ವ್ಯಾನಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆವು. ಎರಡು ಗಂಟೆಗೆ ಮಂಡಿ. ತೂಕದ ಕೋಣೆಯಲ್ಲಿ ಪ್ಲಗ್ಗು ಚುಚ್ಚಿ ರತ್ನ ಪಟ ಓಡಿಸಿದಳು.

ಬೆಂಗಳೂರಿನ ಛತ್ರ. ಲೈಟುಗಳು ಹತ್ತಿದ್ದವು. ನನ್ನ ಮಗ ಬಕೆಟ್ಟು ಹಿಡಿದು ಬಡಿಸುತ್ತಾ ನಗುತ್ತಿದ್ದ. ಎರಡೂ ಕೈ ನೆಟ್ಟಗಿದ್ದವು.

"ಇದು ಭಾನುವಾರಾನೇ ಅಂತ ಏನು ಗುರುತು?" ಎಂದ ಪೆರಿಯಣ್ಣ. ಮೂಲೆಯಲ್ಲಿ ತಾರೀಖು ಇತ್ತು. ರತ್ನ ತೋರಿಸಿದಳು. "ತಾರೀಖು ಯಾರು ಬೇಕಾದ್ರೂ ಬರೀಬೌದು ಪಾಪ್ಪಾ." ಪಟ ಮುಂದೆ ಹೋಯಿತು. ಹಿರಿಯ ಬೀಗರ ಎಲೆಗೆ ಮಾದೇಶ ಇಡೀ ಟಗರಿನ ತಲೆ ಇಡುತ್ತಿದ್ದ, ಅದು ಮರ್ಯಾದೆ. ಪೆರಿಯಣ್ಣ ತಟ್ಟನೆ ಬಗ್ಗಿದ. "ನಿಲ್ಲಿಸಮ್ಮಾ." ಬೇಯಿಸಿದ ತಲೆಯ ಎಡಗಿವಿಯಲ್ಲಿ ಅವನ ಮಂಡಿಯ ಗುರುತು, ಮೂರು ಕಚ್ಚು. ಮುರಿದ ಕೊಂಬು. ತಾನು ಶನಿವಾರ ಸಂಜೆ ಕೈಯಾರೆ ಹಿಡಿದು ಕೊಟ್ಟ ಟಗರು. ಮನುಷ್ಯರ ಮುಖ, ತಾರೀಖು, ಮಾತು ಯಾವುದನ್ನೂ ನಂಬದ ಆಸಾಮಿ ಒಂದು ಕಿವಿಯನ್ನು ನಂಬಿದ.

"ಶನಿವಾರ ಸಂಜೆ ಕೊಟ್ಟೆ, ಸೋಮವಾರ ಮಧ್ಯಾಹ್ನ ಇವನು ಊರಲ್ಲಿದ್ದ, ನಡುವೆ ಇದ್ದಿದ್ದು ಒಂದೇ ಸಂಜೆ. ಆ ಸಂಜೆ ಇದನ್ನ ಬಡಿಸ್ತಾ ಅಲ್ಲಿದ್ದೋನು, ಅದೇ ಸಂಜೆ ಇಲ್ಲಿ ಇರಕ್ಕಿಲ್ಲ," ಎಂದ, ತನಗೇ ಹೇಳಿಕೊಳ್ಳುವ ಹಾಗೆ. "ಕಾಳಿ, ಅವುತ್ತು ವಿಡು."

ಬಿಚ್ಚಿದರು. ಮಾದೇಶ ಹಾಗೇ ಜಾರಿ ಕೆಸರಲ್ಲಿ ಕೂತ. ನಿಜವಾಗಿ ಕದ್ದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ನಮ್ಮ ಸಂತೆಯಲ್ಲಿ ಒಂದು ಪದ್ಧತಿ. ತಪ್ಪಾಗಿ ಏಟು ತಿಂದವನಿಗೆ ಹೊಡೆದವನು ಒಂದು ಟಗರಿನ ಹಗ್ಗ ಕೈಗಿಡುತ್ತಾನೆ. ಹಗ್ಗ ಹಿಡಿದು ಟಗರನ್ನು ಮನೆಗೆ ಹೊಡೆದುಕೊಂಡು ಹೋದರೆ ಜಗಳ ಮುಗಿಯಿತು, ದೂರಿಲ್ಲ, ದ್ವೇಷವಿಲ್ಲ. ಪೆರಿಯಣ್ಣ ಒಳ್ಳೆಯ ಟಗರನ್ನೇ ತರಿಸಿದ. ಹಗ್ಗ ನನ್ನ ಕಡೆ ಚಾಚಿದ. ಈಗ ಸಂತೆಯವರೆಲ್ಲ ಸುತ್ತ ನೆರೆದಿದ್ದರು.

"ತಗೋ ಅಜ್ಜಿ."

ತೆಗೆದುಕೊಂಡೆ. ಅವರು ಮಾದೇಶನ ಸೊಂಟದಿಂದ ಕಿತ್ತು ತಕ್ಕಡಿಯ ಮೇಲಿಟ್ಟಿದ್ದ ಚೂರಿ ಎತ್ತಿಕೊಂಡು, ಟಗರನ್ನು ಮಂಡಿಯ ಹೊಸ್ತಿಲಿಗೆ ಎಳೆದು, ಅಲ್ಲೇ ಅದರ ಕತ್ತು ಕೊಯ್ದೆ. ರಕ್ತ ಒಳಗೆ ಹರಿದು ತೂಕದ ಕಲ್ಲುಗಳ ನಡುವೆ ಹಾದು, ಪೆರಿಯಣ್ಣನ ಪಂಚೆಯ ಅಂಚಿಗೆ ಹತ್ತಿತು. ಟಗರು ಏನೂ ಮಾಡಿರಲಿಲ್ಲ. ನನ್ನ ಮಗನೂ ಏನೂ ಮಾಡಿರಲಿಲ್ಲ.

"ಮನೆಗೆ ಒಡ್ಕೊಂಡು ಓಗಲ್ಲ ಕಣಪ್ಪ," ಎಂದೆ. "ಮುಗೀಲಿಲ್ಲ ಇದು." ಕಾಳಿಯಪ್ಪ ಮುಂದೆ ಬಂದ. ಚೂರಿಯನ್ನು ಅವನ ಕಡೆ ತಿರುಗಿಸಿದೆ. ಪೆರಿಯಣ್ಣ ಅವನ ಎದೆಗೆ ಕೈ ಅಡ್ಡ ಹಿಡಿದ. ಅವತ್ತಿನಿಂದ ನಮ್ಮ ಮನೆಯವರು ಆ ಸಂತೆಯಲ್ಲಿ ಕುರಿ ಕಟ್ಟಿಲ್ಲ.

ವ್ಯಾನಿನಲ್ಲಿ ರತ್ನ ಮುಂದೆ ಕೂತಳು, ಕಂಪ್ಯೂಟರನ್ನು ತಬ್ಬಿಕೊಂಡು. ಮಾದೇಶನನ್ನು ಹಿಂದೆ ಕಂಬಳಿಯ ಮೇಲೆ ಮಲಗಿಸಿ, ಅವನ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ನಾಲ್ಕು ಬೆರಳೂ ಬಾಳೆಕಾಯಿಯಷ್ಟು ದಪ್ಪ, ಬಣ್ಣ ಬದನೆಕಾಯಿಯದು. ಮೆಟ್ಟೂರು ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಲಿ ಎಂದು ಎಲ್ಲ ಹೇಳಿದೆ. ಪಂಡಾರ ಹೇಳಿದ್ದು, ನಾನು ಮೂಡಲ ಕಡೆಯಿಂದ ಎಬ್ಬಿಸಿದ್ದು, ಹತ್ತಕ್ಕೇ ಬರತೊಡಗಬೇಕಾದ್ದು ಹನ್ನೆರಡೂವರೆಗೆ ಬರತೊಡಗಿದ್ದು.

"ಎರಡು ಬೆರಳು ಅವ್ರು ಮುರುದ್ರು," ಎಂದೆ. "ಎರಡು ನಾನು ಮುರ್ದೆ ಕಣಪ್ಪ."

ಅವನು ಕಣ್ಣು ಮುಚ್ಚಿಕೊಂಡ. ವ್ಯಾನಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಜ್ಞಾನ ತಪ್ಪಿದೆಯೇನೋ ಎಂದುಕೊಂಡೆ. ಆಮೇಲೆ ಕಣ್ಣು ಬಿಟ್ಟ.

"ಯಾವೆರಡವ್ವಾ?"

ನಡುಬೆರಳು, ತೋರುಬೆರಳು. ತೋರಿಸಿದೆ.

ಅವನು ತಲೆಯೆತ್ತಿ ಆ ಎರಡನ್ನೂ ನೋಡಿದ.

"ಅವೇ ಜಾಸ್ತಿ ನೋಯ್ತಾವೆ," ಎಂದ.